ಜಾನ್ ಮಾಕ್ಲಿ: ಮಳೆಯ ಲೆಕ್ಕದಿಂದ ಗಣಕಯಂತ್ರದವರೆಗೆ

ಗಣಕಯಂತ್ರವನ್ನು ಕಂಡುಹಿಡಿದವರು ಯಾರು ಎಂದು ಕ್ವಿಜ್ ಸ್ಪರ್ಧೆಯಲ್ಲಿ ಕೇಳಿದರೆ ನಮ್ಮ ಮಕ್ಕಳು ತಟ್ಟನೆ ಚಾರ್ಲ್ಸ್ ಬ್ಯಾಬೇಜ್ ಎಂದು ಹೇಳುತ್ತಾರೆ. ಅದು ತಪ್ಪೇನಲ್ಲ. ಆದರೆ ಬ್ಯಾಬೇಜರದು ಹಲ್ಲುಚಕ್ರಗಳ ಯಂತ್ರ, ಅದೂ ಅವರ ಜೀವಿತಕಾಲದಲ್ಲಿ ಪೂರ್ತಿಯಾಗಲಿಲ್ಲ. ವಿದ್ಯುತ್ತಿನ ವೇಗದಲ್ಲಿ ಲೆಕ್ಕ ಮಾಡುವ, ಯಾವ ಬಗೆಯ ಲೆಕ್ಕಕ್ಕಾದರೂ ಹೊಂದಿಸಿಕೊಳ್ಳಬಹುದಾದ ದೊಡ್ಡ ಯಂತ್ರವನ್ನು ಕಟ್ಟಿ ನಡೆಸಿ ತೋರಿಸಿದ ಇಬ್ಬರಲ್ಲಿ ಒಬ್ಬರು ಜಾನ್ ವಿಲಿಯಂ ಮಾಕ್ಲಿ. ಅವರು ಯಂತ್ರ ಮಾಡುವ ಕಸುಬಿನವರಲ್ಲ. ಒಂದು ಸಣ್ಣ ಊರಿನ ಸಣ್ಣ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟರು. ಅವರಿಗೆ ಬೇಕಾಗಿದ್ದುದು ಗಣಕಯಂತ್ರವೂ ಅಲ್ಲ, ಮಳೆ ಯಾವಾಗ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ. ಅವರ ಜೀವನವನ್ನು ನಮ್ಮ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಹೇಳಲು ನನಗೆ ಇದೇ ಮುಖ್ಯ ಕಾರಣ.

ಮಾಕ್ಲಿ ಹುಟ್ಟಿದ್ದು 1907ರ ಆಗಸ್ಟ್ 30ರಂದು, ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ. ತಂದೆ ಸೆಬಾಸ್ಟಿಯನ್ ಮಾಕ್ಲಿ ಕೂಡ ಭೌತವಿಜ್ಞಾನಿ. ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಭೂಕಾಂತತ್ವ ವಿಭಾಗದಲ್ಲಿ ಅವರಿಗೆ ಕೆಲಸ ಸಿಕ್ಕಿದ್ದರಿಂದ ಕುಟುಂಬ ಆ ನಗರದ ಪಕ್ಕದ ಚೆವಿ ಚೇಸ್ ಎಂಬಲ್ಲಿಗೆ ಬಂದು ನೆಲೆಸಿತು. ಆ ಸಂಸ್ಥೆಗೆ ಕಾರ್ನೆಗಿ ಎಂಬ ಹೆಸರಿನ ಹಡಗೊಂದಿತ್ತು. ಕಬ್ಬಿಣ ಬಳಸಿದರೆ ಕಾಂತಮಾಪನ ಕೆಡುತ್ತದೆಂದು ಅದನ್ನು ಮರ, ಹಿತ್ತಾಳೆಗಳಲ್ಲೇ ಕಟ್ಟಿದ್ದರು. ಅದು ಸಾಗರಗಳನ್ನು ಸುತ್ತಿ ತಂದ ಅಂಕಿಅಂಶಗಳ ರಾಶಿಯನ್ನು ಸೆಬಾಸ್ಟಿಯನ್ ಸೋಸಿ ನೋಡಿದರು. ವಾತಾವರಣದ ವಿದ್ಯುತ್ ಕ್ಷೇತ್ರ ದಿನವೂ ಏರಿ ಇಳಿಯುತ್ತದೆ. ಆ ಏರಿಳಿತ ಆಯಾ ಊರಿನ ಗಡಿಯಾರವನ್ನು ಅನುಸರಿಸದೆ ಭೂಮಿಯ ಮೇಲೆಲ್ಲ ಒಂದೇ ಹೊತ್ತಿಗೆ ನಡೆಯುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಅಂಕಿಗಳ ರಾಶಿಯಲ್ಲಿ ಪ್ರಕೃತಿಯ ತಾಳ ಅಡಗಿರುತ್ತದೆ ಎಂಬ ನಂಬಿಕೆ ಮಗನಿಗೆ ಮನೆಯಿಂದಲೇ ಬಂದದ್ದು.

ಹುಡುಗ ತುಂಬ ಚೂಟಿ. ನೆರೆಹೊರೆಯವರ ಮನೆಗಳಿಗೆ ವಿದ್ಯುತ್ ಕರೆಗಂಟೆ ಹಾಕಿಕೊಟ್ಟು ಕೈಖರ್ಚಿನ ಕಾಸು ಸಂಪಾದಿಸುತ್ತಿದ್ದನಂತೆ. ರಾತ್ರಿ ಹೊತ್ತಾದರೂ ಹಾಸಿಗೆಯಲ್ಲಿ ಪುಸ್ತಕ ಓದುವ ಚಾಳಿ ಅವನದು. ಹಿರಿಯರು ಮೇಲೆ ಬರುವುದು ತಿಳಿಯಲೆಂದು ಮೆಟ್ಟಿಲಿನ ಹಲಗೆಗೆ ಸ್ವಿಚ್ಚು ಜೋಡಿಸಿ, ಮೆಟ್ಟಿಲು ತುಳಿದೊಡನೆ ತನ್ನ ದೀಪ ಆರುವಂತೆ ಮಾಡಿಕೊಂಡಿದ್ದ ಎಂಬ ಕಥೆಯೂ ಇದೆ. (ಮೊಬೈಲ್ ಹಿಡಿದು ಹೊದಿಕೆಯೊಳಗೆ ಸೇರುವ ಇಂದಿನ ಮಕ್ಕಳು ಇದನ್ನು ಓದಿ ಹೊಸ ಉಪಾಯ ಕಲಿಯದಿರಲಿ ಎಂದು ಪೋಷಕರ ಪರವಾಗಿ ಬೇಡಿಕೊಳ್ಳುತ್ತೇನೆ.)

ವಾಷಿಂಗ್ಟನ್ನಿನ ಮೆಕಿನ್ಲಿ ತಾಂತ್ರಿಕ ಪ್ರೌಢಶಾಲೆಯಲ್ಲಿ ಓದು ಮುಗಿಸಿ, ವಿದ್ಯಾರ್ಥಿವೇತನ ಗಳಿಸಿಕೊಂಡು 1925ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಓದಲು ಸೇರಿದರು. ಎರಡೇ ವರ್ಷಕ್ಕೆ ಅದು ಬೇಸರ ತಂದಿತು. ಅಲ್ಲಿ ಪ್ರತಿಭಾವಂತರಿಗೆ ಪದವಿ ಮುಗಿಸದೆಯೇ ಡಾಕ್ಟರೇಟ್‌ಗೆ ಸೇರುವ ಅವಕಾಶವಿತ್ತು. ಹಾಗಾಗಿ ಬಿ.ಎಸ್ಸಿ. ಪದವಿಯೇ ಇಲ್ಲದೆ ಮಾಕ್ಲಿ 1932ರಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದರು. ವಿಷಯ, ಕಾರ್ಬನ್ ಮಾನಾಕ್ಸೈಡ್ ಅಣುವಿನ ರೋಹಿತ. ಅಣುವೊಂದು ಸೂಸುವ ಬೆಳಕಿನ ಗೆರೆಗಳನ್ನು ಅಳೆದು, ಅದರೊಳಗಿನ ಶಕ್ತಿಮಟ್ಟಗಳನ್ನು ಲೆಕ್ಕ ಹಾಕಬೇಕು. ಅಳೆಯುವುದು ಕೆಲವು ದಿನ, ಲೆಕ್ಕ ಮಾಡುವುದು ತಿಂಗಳುಗಟ್ಟಲೆ. ಮೇಜಿನ ಮೇಲಿನ ಲೆಕ್ಕದ ಯಂತ್ರದ ಗುಂಡಿಗಳನ್ನು ಒತ್ತಿ ಒತ್ತಿ ಬೆರಳು ಸವೆಸಿಕೊಂಡ ಆ ವರ್ಷಗಳನ್ನು ಅವರು ಮರೆಯಲಿಲ್ಲ.

ಅದು ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ತಂದೆ 1928ರಲ್ಲೇ ತೀರಿಕೊಂಡಿದ್ದರು. 1930ರ ಕೊನೆಯಲ್ಲಿ ಮೇರಿ ಅಗಸ್ಟಾ ವಾಲ್ಜ್‌ಲ್ ಅವರೊಡನೆ ಮದುವೆಯಾಗಿತ್ತು. ದೊಡ್ಡ ಸಂಶೋಧನಾಲಯಗಳಲ್ಲಿ ಕೆಲಸವಿಲ್ಲ. 1933ರಲ್ಲಿ ಸಿಕ್ಕಿದ್ದು ಫಿಲಡೆಲ್ಫಿಯಾದ ಹೊರಗಿನ ಕಾಲೇಜ್‌ವಿಲ್ ಎಂಬ ಊರಿನ ಉರ್ಸಿನಸ್ ಕಾಲೇಜು. ಅಲ್ಲಿ ಭೌತಶಾಸ್ತ್ರ ವಿಭಾಗಕ್ಕೆ ಅವರೇ ಮುಖ್ಯಸ್ಥರು, ಅವರೇ ಏಕೈಕ ಅಧ್ಯಾಪಕರು! ವೈದ್ಯಕೀಯಕ್ಕೆ ಹೋಗುವ ಹುಡುಗರು ಕಡ್ಡಾಯವೆಂದು ಬಂದು ಕೂರುವ ತರಗತಿಗಳು. ಅಂಥವರನ್ನು ಸಹ ಅವರು ಹಿಡಿದಿಡುತ್ತಿದ್ದರು. ಸ್ಕೇಟ್ ಚಕ್ರದ ಹಲಗೆಯ ಮೇಲೆ ತಾವೇ ನಿಂತು ಉರುಳಿ ನ್ಯೂಟನ್ನನ ನಿಯಮ ತೋರಿಸುವರು. ಕ್ರಿಸ್ಮಸ್ ರಜೆಗೆ ಮುಂಚಿನ ಕೊನೆಯ ತರಗತಿಯಂತೂ ಊರಿಗೇ ಪ್ರಸಿದ್ಧ. ಬಣ್ಣದ ಕಾಗದ ಸುತ್ತಿದ ಉಡುಗೊರೆಗಳನ್ನು ಮೇಜಿನ ಮೇಲಿಟ್ಟು, ಬಿಚ್ಚದೆಯೇ ಒಳಗೇನಿದೆ ಎಂದು ತಿಳಿಯುವುದು ಹೇಗೆಂದು ತೋರಿಸುವರು. ತೂಗಿ, ಅಲುಗಾಡಿಸಿ, ಉರುಳಿಸಿ ನೋಡಿ ಹೇಳಬೇಕು. ಪರಮಾಣುವಿನ ಒಳಗನ್ನು ವಿಜ್ಞಾನಿಗಳು ತಿಳಿಯುವ ಬಗೆಯೂ ಇದೇ ಅಲ್ಲವೇ? ಹಣವಿಲ್ಲದ ಪ್ರಯೋಗಾಲಯದಲ್ಲಿ ಪಾಠ ಮಾಡುವ ನಮ್ಮ ವಿಜ್ಞಾನ ಶಿಕ್ಷಕರಿಗೆ ಇದು ಹತ್ತಿರವೆನಿಸುವ ಸಂಗತಿ.

ಸಂಶೋಧನೆಗೆ ಉಪಕರಣವಿಲ್ಲದ ಕಡೆ ಏನು ಮಾಡುವುದು? ಉಪಕರಣ ಬೇಡದ ವಿಷಯ ಆರಿಸಿಕೊಳ್ಳುವುದು. ಅಮೆರಿಕದ ಹವಾಮಾನ ಇಲಾಖೆಯಲ್ಲಿ ದಶಕಗಳ ಮಳೆ, ಒತ್ತಡ, ತಾಪಮಾನಗಳ ದಾಖಲೆ ಬಿದ್ದಿತ್ತು. ಸೂರ್ಯನ ಮೇಲಿನ ಬದಲಾವಣೆಗಳಿಗೂ ಭೂಮಿಯ ಹವೆಗೂ ನಂಟಿದೆ, ಆ ದಾಖಲೆಗಳನ್ನು ಸರಿಯಾಗಿ ವಿಶ್ಲೇಷಿಸಿದರೆ ಹವೆಯನ್ನು ದೀರ್ಘಕಾಲ ಮುಂಚೆಯೇ ಹೇಳಬಹುದು ಎಂದು ಮಾಕ್ಲಿ ನಂಬಿದರು. ನಮ್ಮ ದೇಶದಲ್ಲಿಯೂ ಇದಕ್ಕೆ ಮುಂಚೆ ಇಂಥದೇ ಪ್ರಯತ್ನ ನಡೆದಿತ್ತು. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್, ಮುಂಗಾರು ಕೈಕೊಡುವುದನ್ನು ಮೊದಲೇ ತಿಳಿಯಲು ಭಾರತೀಯ ಗುಮಾಸ್ತರಿಂದ ಕೈಯಲ್ಲೇ ಲೆಕ್ಕಗಳ ರಾಶಿ ಹಾಕಿಸಿದ್ದರು. ಮಾಕ್ಲಿಯವರ ಬಳಿ ಗುಮಾಸ್ತರಿರಲಿಲ್ಲ. ಬಡ ವಿದ್ಯಾರ್ಥಿಗಳಿಗೆ ದುಡಿದು ಓದಲು ಸರ್ಕಾರ ಆಗ ಹಣ ಕೊಡುತ್ತಿತ್ತು. ಆ ಯೋಜನೆಯಡಿ ಹುಡುಗರನ್ನು ಕೂರಿಸಿ, ಹಳೆಯ ಲೆಕ್ಕಯಂತ್ರಗಳಲ್ಲಿ ಕೂಡಿಸಿ ಗುಣಿಸಿ ಮಾಡಿಸಿದರು. ವರ್ಷಗಳೇ ಕಳೆದವು, ರಾಶಿ ಕರಗಲಿಲ್ಲ. ಈ ವೇಗದಲ್ಲಿ ಹೋದರೆ ತನ್ನ ಆಯುಷ್ಯದಲ್ಲಿ ಉತ್ತರ ಸಿಗದು ಎಂಬುದು ಅವರಿಗೆ ಖಚಿತವಾಯಿತು.

ಅದೇ ಪ್ರದೇಶದ ಸ್ವಾರ್ತ್‌ಮೋರ್‌ನಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಯುತ್ತಿತ್ತು. ಅಲ್ಲಿ ರೇಡಿಯೊ ವಾಲ್ವ್‌ಗಳನ್ನು ಬಳಸಿ, ಸೆಕೆಂಡಿನ ಅತಿಸಣ್ಣ ಭಾಗದಲ್ಲಿ ಬಂದು ಹೋಗುವ ಕಣಗಳನ್ನು ಎಣಿಸುತ್ತಿದ್ದರು. ಹಿರಿಯರಿಗೆ ನೆನಪಿರಬಹುದು, ಹಳೆಯ ರೇಡಿಯೊಗಳ ಬೆನ್ನಿನೊಳಗೆ ಕೆಂಪಗೆ ಹೊಳೆಯುತ್ತಿದ್ದ ಗಾಜಿನ ಬುರುಡೆಗಳು. ಆ ವಾಲ್ವ್ ಎಣಿಸಬಲ್ಲುದಾದರೆ ಕೂಡಿಸಬಲ್ಲುದು, ಕೂಡಿಸಬಲ್ಲುದಾದರೆ ಗುಣಿಸಬಲ್ಲುದು. ಮಾಕ್ಲಿಯವರ ತಲೆಯಲ್ಲಿ ಹೊಳೆದದ್ದು ಇಷ್ಟೇ. ನಿಯಾನ್ ದೀಪಗಳು, ಕೆಲವು ವಾಲ್ವ್‌ಗಳನ್ನು ಕೊಂಡು ತಂದು ಎಣಿಸುವ ಸಣ್ಣ ಮಂಡಲಗಳನ್ನು ಕೈಯಾರೆ ಜೋಡಿಸಿ ನೋಡತೊಡಗಿದರು.

1940ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ವಿಜ್ಞಾನ ಸಮ್ಮೇಳನದಲ್ಲಿ ಅವರು ತಮ್ಮ ಹವಾಮಾನದ ಕೆಲಸದ ಬಗ್ಗೆ ಮಾತನಾಡಿದರು. ಭಾಷಣ ಮುಗಿದ ಮೇಲೆ ಒಬ್ಬರು ಬಂದು ಪರಿಚಯ ಮಾಡಿಕೊಂಡರು. ಅವರು ಐಯೋವಾ ರಾಜ್ಯದ ಕಾಲೇಜಿನ ಜಾನ್ ವಿನ್ಸೆಂಟ್ ಅಟನಾಸಾಫ್. ಅವರೂ ಭೌತವಿಜ್ಞಾನಿಯೇ, ಅವರೂ ಲೆಕ್ಕದ ಭಾರದಿಂದ ಬೇಸತ್ತು ವಾಲ್ವ್‌ಗಳ ಯಂತ್ರ ಕಟ್ಟುತ್ತಿದ್ದವರೇ. 1941ರ ಜೂನ್‌ನಲ್ಲಿ ಮಾಕ್ಲಿ ಕಾರಿನಲ್ಲಿ ಐಯೋವಾಕ್ಕೆ ಹೋಗಿ, ಅವರ ಮನೆಯಲ್ಲಿ ನಾಲ್ಕೈದು ದಿನ ಉಳಿದು ಆ ಯಂತ್ರ ನೋಡಿ ಬಂದರು. ಸುಮಾರು 300 ವಾಲ್ವ್‌ಗಳ, ಏಕಕಾಲಿಕ ಸಮೀಕರಣಗಳನ್ನು ಬಿಡಿಸಲೆಂದೇ ಮಾಡಿದ, ಇನ್ನೂ ಪೂರ್ತಿಯಾಗದಿದ್ದ ಯಂತ್ರ ಅದು. ಅದೇ ಸೆಪ್ಟೆಂಬರಿನಲ್ಲಿ ಮಾಕ್ಲಿ ಅವರಿಗೆ ಪತ್ರ ಬರೆದು, ತಾನೊಂದು ಯಂತ್ರ ಕಟ್ಟುವುದಾದರೆ ಅವರ ಯಂತ್ರದ ಕೆಲವು ಅಂಶಗಳನ್ನು ಸೇರಿಸಿಕೊಳ್ಳಲು ಆಕ್ಷೇಪವಿದೆಯೇ ಎಂದು ಕೇಳಿದರು. ಓದುಗರು ಈ ಪತ್ರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮೂವತ್ತು ವರ್ಷಗಳ ಮೇಲೆ ಅದು ನ್ಯಾಯಾಲಯದಲ್ಲಿ ಹಾಜರಾಗುತ್ತದೆ.

ಆ ಬೇಸಿಗೆಯಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಯುದ್ಧದ ಸಿದ್ಧತೆಗಾಗಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೂರ್ ಸ್ಕೂಲ್ ಎಂಬ ಎಂಜಿನಿಯರಿಂಗ್ ಕಾಲೇಜು ಎಲೆಕ್ಟ್ರಾನಿಕ್ಸ್ ತರಬೇತಿ ಏರ್ಪಡಿಸಿತ್ತು. ಡಾಕ್ಟರೇಟ್ ಪಡೆದ, ಎಂಟು ವರ್ಷ ಪಾಠ ಮಾಡಿದ ಮಾಕ್ಲಿ ಅಲ್ಲಿಗೆ ವಿದ್ಯಾರ್ಥಿಯಾಗಿ ಸೇರಿದರು. ಅಲ್ಲಿನ ಪ್ರಯೋಗಾಲಯದಲ್ಲಿ ಕಲಿಸುತ್ತಿದ್ದ ಹುಡುಗನಿಗೆ ಆಗ 22 ವರ್ಷ. ಅವನೇ ಪ್ರೆಸ್ಪರ್ ಎಕರ್ಟ್. ಪ್ರಯೋಗಗಳನ್ನು ಬದಿಗಿಟ್ಟು ಇಬ್ಬರೂ ಮಾತಿಗೆ ಕೂತರು. ಸಾವಿರಾರು ವಾಲ್ವ್‌ಗಳ ಯಂತ್ರ ಕಟ್ಟಿದರೆ ದಿನಕ್ಕೆ ಹತ್ತಾರು ಸುಟ್ಟುಹೋಗುತ್ತವೆ, ಯಂತ್ರ ಓಡುವುದೇ ಇಲ್ಲ ಎಂದು ತಿಳಿದವರೆಲ್ಲ ಹೇಳುತ್ತಿದ್ದ ಕಾಲ. ವಾಲ್ವ್‌ಗಳಿಗೆ ಅವುಗಳ ಮಿತಿಗಿಂತ ಕಡಿಮೆ ವಿದ್ಯುತ್ ಕೊಟ್ಟು ನಡೆಸಿದರೆ ಬಹುಕಾಲ ಬಾಳುತ್ತವೆ ಎಂದು ಎಕರ್ಟ್ ಮನಗಾಣಿಸಿದ. ಮಾಕ್ಲಿ ಕನಸು ಕಾಣುವವರು, ಎಕರ್ಟ್ ಅದನ್ನು ಬೆಸುಗೆ ಹಾಕಿ ನಿಲ್ಲಿಸುವವನು. ಇಂಥ ಜೋಡಿ ಕೂಡಿಬರುವುದು ಅಪರೂಪ. ಅದೇ ವರ್ಷ ಮಾಕ್ಲಿ ಉರ್ಸಿನಸ್ ಬಿಟ್ಟು ಮೂರ್ ಸ್ಕೂಲಿನ ಅಧ್ಯಾಪಕರಾದರು.

ಸೇನೆಗೆ ಆಗ ಬೇಕಾಗಿದ್ದುದು ಫಿರಂಗಿಗಳ ಗುರಿ ಕೋಷ್ಟಕ. ಯಾವ ಕೋನದಲ್ಲಿ ಹಾರಿಸಿದರೆ, ಗಾಳಿ ಹೀಗಿದ್ದರೆ, ಗುಂಡು ಎಲ್ಲಿ ಬೀಳುತ್ತದೆ ಎಂದು ತಿಳಿಸುವ ಪಟ್ಟಿ ಅದು. ಒಂದೊಂದು ಪಟ್ಟಿಗೂ ಸಾವಿರಾರು ಪಥಗಳನ್ನು ಲೆಕ್ಕ ಹಾಕಬೇಕು. ಒಂದು ಪಥಕ್ಕೆ ಮೇಜಿನ ಯಂತ್ರ ಹಿಡಿದ ಒಬ್ಬರಿಗೆ ಸುಮಾರು 20 ಗಂಟೆ. ಈ ಕೆಲಸಕ್ಕೆ ಗಣಿತ ಓದಿದ ಹೆಣ್ಣುಮಕ್ಕಳನ್ನು ನೇಮಿಸಿಕೊಂಡಿದ್ದರು. ಅವರ ಹುದ್ದೆಯ ಹೆಸರೇ ಕಂಪ್ಯೂಟರ್! ಆಗ ಆ ಮಾತಿಗೆ ಲೆಕ್ಕ ಮಾಡುವ ಮನುಷ್ಯ ಎಂದೇ ಅರ್ಥ. 1942ರ ಆಗಸ್ಟ್‌ನಲ್ಲಿ ಮಾಕ್ಲಿ ಕೆಲವೇ ಪುಟಗಳ ಟಿಪ್ಪಣಿ ಬರೆದು, ವಾಲ್ವ್‌ಗಳಿಂದ ಈ ಕೆಲಸ ನಿಮಿಷಗಳಲ್ಲಿ ಮಾಡಬಹುದೆಂದು ತೋರಿಸಿದರು. ಕಾಲೇಜಿನಲ್ಲಿ ಯಾರೂ ಅದಕ್ಕೆ ಗಮನ ಕೊಡಲಿಲ್ಲ, ಕಡೆಗೆ ಪ್ರತಿಯೇ ಕಳೆದುಹೋಯಿತು. ಮರುವರ್ಷ ಸೇನೆಯ ಗಣಿತಜ್ಞ ಅಧಿಕಾರಿ ಹರ್ಮನ್ ಗೋಲ್ಡ್‌ಸ್ಟೈನ್ ಇದರ ಸುದ್ದಿ ಕೇಳಿ ಟಿಪ್ಪಣಿ ತೋರಿಸಿ ಎಂದಾಗ, ಕಾರ್ಯದರ್ಶಿಯ ಶೀಘ್ರಲಿಪಿ ಪುಸ್ತಕದಿಂದ ಅದನ್ನು ಮತ್ತೆ ಟೈಪ್ ಮಾಡಿಸಬೇಕಾಯಿತು. ಒಂದು ಯುಗವನ್ನು ಆರಂಭಿಸಿದ ಕಾಗದ ಉಳಿದದ್ದು ಒಬ್ಬ ಹೆಣ್ಣುಮಗಳು ತನ್ನ ಪುಸ್ತಕ ಬಿಸಾಡದೆ ಇಟ್ಟುಕೊಂಡಿದ್ದರಿಂದ.

1943ರ ಏಪ್ರಿಲ್ 9ರಂದು, ಎಕರ್ಟ್‌ಗೆ 24 ತುಂಬಿದ ದಿನವೇ, ಸೇನೆ ಯೋಜನೆಯನ್ನು ಒಪ್ಪಿತು. ಯಂತ್ರದ ಹೆಸರು ಎನಿಯಾಕ್. ಎಕರ್ಟ್ ಮುಖ್ಯ ಎಂಜಿನಿಯರ್. ಪಾಠದ ಹೊರೆಯೂ ಇದ್ದ ಮಾಕ್ಲಿಯವರದು ಸಲಹೆಗಾರನ ಸ್ಥಾನ. ಮೂವತ್ತು ತಿಂಗಳ ದುಡಿಮೆಯ ನಂತರ ಎದ್ದು ನಿಂತ ಆ ಯಂತ್ರದಲ್ಲಿ ಸುಮಾರು 18,000 ವಾಲ್ವ್‌ಗಳಿದ್ದವು. ತೂಕ 30 ಟನ್, ವೇಗ ಸೆಕೆಂಡಿಗೆ 5,000 ಸಂಕಲನ. ಗುಂಡಿನ ಪಥವೊಂದನ್ನು 30 ಸೆಕೆಂಡಿನಲ್ಲಿ ಅದು ಲೆಕ್ಕ ಹಾಕುತ್ತಿತ್ತು. ನಿಜವಾದ ಗುಂಡು ನೆಲ ಮುಟ್ಟುವ ಮೊದಲೇ ಲೆಕ್ಕ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು. 1945ರ ಡಿಸೆಂಬರಿನಲ್ಲಿ ಅದರ ಮೇಲೆ ಓಡಿದ ಮೊದಲ ದೊಡ್ಡ ಲೆಕ್ಕ ಲಾಸ್ ಅಲಮೋಸ್‌ನವರ ಹೈಡ್ರೋಜನ್ ಬಾಂಬಿನದು. 1946ರ ಫೆಬ್ರುವರಿ 15ರಂದು ಯಂತ್ರದ ಉದ್ಘಾಟನೆ ನಡೆಯಿತು. ಆ ಯಂತ್ರಕ್ಕೆ ಲೆಕ್ಕ ಹೇಳಿಕೊಡುವುದೆಂದರೆ ನೂರಾರು ತಂತಿಗಳನ್ನು ಕಿತ್ತು ಬೇರೆಡೆ ಚುಚ್ಚುವುದು, ಸ್ವಿಚ್ಚುಗಳನ್ನು ತಿರುಗಿಸುವುದು. ಕೈಪಿಡಿಯೇ ಇಲ್ಲದೆ, ನಕ್ಷೆಗಳನ್ನು ನೋಡಿ ಅದನ್ನು ಕಲಿತವರು ಆ ಕಂಪ್ಯೂಟರ್ ಹುದ್ದೆಯ ಆರು ಹೆಣ್ಣುಮಕ್ಕಳು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬೈಲಾಸ್, ರೂತ್ ಲಿಕ್ಟರ್‌ಮನ್. ಉದ್ಘಾಟನೆಯ ರಾತ್ರಿಯ ಔತಣಕ್ಕೆ ಇವರನ್ನು ಕರೆಯಲಿಲ್ಲ. ಹೆಸರುಗಳನ್ನು ಇಲ್ಲಿ ಪೂರ್ತಿಯಾಗಿ ಬರೆದದ್ದು ಅದಕ್ಕೇ.

ಎನಿಯಾಕ್ ಮುಗಿಯುವ ಮೊದಲೇ ಅದರ ಕೊರತೆ ಅದನ್ನು ಕಟ್ಟಿದವರಿಗೆ ಗೊತ್ತಿತ್ತು. ತಂತಿ ಬದಲಿಸುವ ಬದಲು ಸೂಚನೆಗಳನ್ನೂ ಅಂಕಿಗಳಂತೆ ಯಂತ್ರದ ನೆನಪಿನಲ್ಲೇ ಇಡಬೇಕು. ಮುಂದಿನ ಯಂತ್ರ ಎಡ್ವ್ಯಾಕ್‌ಗೆ ಈ ವಿಚಾರ ಚರ್ಚೆಯಾಗುತ್ತಿದ್ದಾಗ ಮಹಾಗಣಿತಜ್ಞ ಜಾನ್ ಫಾನ್ ನಾಯ್ಮನ್ ಬಂದು ಸೇರಿದರು. ಅವರು ಚರ್ಚೆಯನ್ನೆಲ್ಲ ಅಚ್ಚುಕಟ್ಟಾಗಿ ಬರೆದ ಕರಡು 1945ರ ಜೂನ್ 30ರ ದಿನಾಂಕದೊಂದಿಗೆ ಹಂಚಿಕೆಯಾಯಿತು. ಅದರ ಮೇಲೆ ಇದ್ದುದು ಅವರೊಬ್ಬರ ಹೆಸರು. ಇಂದಿಗೂ ಈ ವಿನ್ಯಾಸಕ್ಕೆ ಪಠ್ಯಪುಸ್ತಕಗಳಲ್ಲಿ ಫಾನ್ ನಾಯ್ಮನ್ ವಿನ್ಯಾಸ ಎಂದೇ ಹೆಸರು. ಫಾನ್ ನಾಯ್ಮನ್‌ರ ಮೇಧಾಶಕ್ತಿಯ ಬಗ್ಗೆ ಯಾರಿಗೂ ಅನುಮಾನವಿಲ್ಲ, ಆದರೆ ಹಲವರು ಸೇರಿ ಮಾಡಿದ ಅಡುಗೆಯನ್ನು ಬಡಿಸಿದವರ ಹೆಸರಿನಲ್ಲೇ ಕರೆದಂತೆ ಇದು ಎಂದು ನನಗೆ ಅನ್ನಿಸುತ್ತದೆ. ಅಷ್ಟರಲ್ಲಿ ವಿಶ್ವವಿದ್ಯಾಲಯ ತನ್ನ ನೌಕರರೆಲ್ಲ ಪೇಟೆಂಟ್ ಹಕ್ಕನ್ನು ತನಗೆ ಬಿಟ್ಟುಕೊಡಬೇಕೆಂದು ಪಟ್ಟು ಹಿಡಿಯಿತು. ಮಾಕ್ಲಿ, ಎಕರ್ಟ್ ಇಬ್ಬರೂ ಒಪ್ಪಲಿಲ್ಲ. 1946ರ ಮಾರ್ಚ್ ಕೊನೆಗೆ ರಾಜೀನಾಮೆ ಕೊಟ್ಟು ಹೊರಬಂದರು.

ಇಬ್ಬರೂ ಸೇರಿ ಫಿಲಡೆಲ್ಫಿಯಾದಲ್ಲಿ ಗಣಕಯಂತ್ರ ಮಾಡಿ ಮಾರುವ ಕಂಪನಿ ತೆರೆದರು. ಆಗ ಅಂಥ ವ್ಯಾಪಾರವೇ ಇರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಸಮುದ್ರ ಸ್ನಾನಕ್ಕೆಂದು ಹೋದಾಗ ಪತ್ನಿ ಮೇರಿ ಅಲೆಗೆ ಸಿಕ್ಕಿ ತೀರಿಕೊಂಡರು. ಎರಡು ಸಣ್ಣ ಮಕ್ಕಳ ತಂದೆಯ ಮೇಲೆ ಹೊಸ ಕಂಪನಿಯ ಹೊರೆ. 1948ರಲ್ಲಿ ಅವರು ಎನಿಯಾಕ್ ಬಳಗದ ಕೇ ಮೆಕ್‌ನಲ್ಟಿಯವರನ್ನು ಮದುವೆಯಾದರು. ಐರ್ಲೆಂಡಿನ ಹಳ್ಳಿಯೊಂದರಲ್ಲಿ ಹುಟ್ಟಿ, ಐರಿಷ್ ಮಾತನಾಡುತ್ತ ಅಮೆರಿಕಕ್ಕೆ ಬಂದು, ಇಂಗ್ಲಿಷನ್ನೂ ಗಣಿತವನ್ನೂ ಕಲಿತ ಹೆಣ್ಣುಮಗಳು ಆಕೆ. ಆ ದಂಪತಿಗಳಿಗೆ ಮತ್ತೆ ಐದು ಮಕ್ಕಳಾದರು.

ಕಂಪನಿಯಲ್ಲಿ ಯಂತ್ರದ ಕೆಲಸ ಎಕರ್ಟ್‌ರದು. ಯಂತ್ರದಿಂದ ಯಾವ ಕೆಲಸ ಮಾಡಿಸಬಹುದೆಂದು ಗಿರಾಕಿಗಳಿಗೆ ತಿಳಿಸುವುದು, ಅದಕ್ಕೆ ಬೇಕಾದ ಸೂಚನೆಗಳನ್ನು ಬರೆಯುವವರನ್ನು ಆರಿಸಿ ತಯಾರು ಮಾಡುವುದು ಮಾಕ್ಲಿಯವರದು. ಜನಗಣತಿ ಇಲಾಖೆ, ವಿಮಾ ಕಂಪನಿ, ಮಾರುಕಟ್ಟೆ ಸಮೀಕ್ಷೆಯವರು, ಹೀಗೆ ಬಾಗಿಲು ಬಾಗಿಲು ತಿರುಗಿದರು. ಇಂದು ಬೆಂಗಳೂರಿನಲ್ಲಿ ಲಕ್ಷಾಂತರ ಜನ ಮಾಡುತ್ತಿರುವ ಸಾಫ್ಟ್‌ವೇರ್ ಕೆಲಸಕ್ಕೆ ಆಗ ಹೆಸರೂ ಇರಲಿಲ್ಲ. ಪದೇ ಪದೇ ಬೇಕಾಗುವ ಲೆಕ್ಕದ ತುಣುಕುಗಳನ್ನು ಒಮ್ಮೆ ಬರೆದಿಟ್ಟು ಬೇಕಾದಲ್ಲಿ ಕರೆದುಕೊಳ್ಳುವ ಪದ್ಧತಿಯ ಬಗ್ಗೆ ಅವರು 1947ರ ಜನವರಿಯಲ್ಲೇ ಹಾರ್ವರ್ಡ್‌ನಲ್ಲಿ ಮಾತನಾಡಿದ್ದರು. 1949ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ವಿಜ್ಞಾನಿ ತನ್ನ ಸಮೀಕರಣವನ್ನು ಗಣಿತದ ರೂಪಕ್ಕೆ ಹತ್ತಿರದಲ್ಲೇ ಬರೆಯಲಿ, ಅದನ್ನು ಬಿಡಿಸಿ ನಡೆಸುವ ಕಷ್ಟ ಯಂತ್ರಕ್ಕಿರಲಿ ಎಂದು ಸೂಚಿಸಿದರು. ಶಾರ್ಟ್ ಕೋಡ್ ಎಂದು ಹೆಸರಾದ ಇದನ್ನು ಅವರ ಕಂಪನಿಯ ವಿಲಿಯಂ ಶ್ಮಿಟ್ ಬರೆದು ಸಿದ್ಧಪಡಿಸಿದರು. ಇದು ಯಂತ್ರವನ್ನು ಹತ್ತಾರು ಪಟ್ಟು ನಿಧಾನ ಮಾಡುತ್ತಿತ್ತು, ಸಮೀಕರಣದ ಗುರುತುಗಳನ್ನು ಕೈಯಲ್ಲೇ ಸಂಕೇತಗಳಾಗಿ ಬದಲಿಸಿಕೊಡಬೇಕಿತ್ತು. ಆದರೂ ಪ್ರೋಗ್ರಾಮ್ ಬರೆಯುವ ಭಾಷೆಗಳ ವಂಶವೃಕ್ಷದಲ್ಲಿ ಅದು ಬೇರಿನ ಹತ್ತಿರದ ಕೊಂಬೆ. ಅದೇ ವರ್ಷ ಕಂಪನಿಗೆ ಸೇರಿದ ಗ್ರೇಸ್ ಹಾಪರ್ ಈ ದಾರಿಯಲ್ಲಿ ಬಹುದೂರ ನಡೆದು ಹೆಸರಾದರು.

ಬುದ್ಧಿಯಿತ್ತು, ವ್ಯಾಪಾರದ ಕಸುಬು ತಿಳಿದಿರಲಿಲ್ಲ. ಯಂತ್ರಕ್ಕೆ ತಗಲುವ ಖರ್ಚಿಗಿಂತ ಬಹಳ ಕಡಿಮೆ ಬೆಲೆಗೆ ಒಪ್ಪಿಕೊಂಡುಬಿಟ್ಟಿದ್ದರು. ಹಣ ಹೂಡಿ ಕಂಪನಿಯನ್ನು ಕಾಪಾಡಿದ್ದ ಹ್ಯಾರಿ ಸ್ಟ್ರಾಸ್ 1949ರ ಅಕ್ಟೋಬರಿನಲ್ಲಿ ವಿಮಾನ ಅಪಘಾತದಲ್ಲಿ ಮಡಿದರು. 1950ರ ಫೆಬ್ರುವರಿಯಲ್ಲಿ ಕಂಪನಿಯನ್ನು ರೆಮಿಂಗ್ಟನ್ ರಾಂಡ್ ಸಂಸ್ಥೆಗೆ ಮಾರಬೇಕಾಯಿತು. ಅವರ ಯುನಿವ್ಯಾಕ್ ಯಂತ್ರವನ್ನು ಜನಗಣತಿ ಇಲಾಖೆ 1951ರ ಮಾರ್ಚ್ 31ರಂದು ಸ್ವೀಕರಿಸಿದಾಗ ಅವರು ಅದರ ಮಾಲೀಕರಲ್ಲ, ನೌಕರರು.

ಅದಕ್ಕಿಂತ ಕಹಿಯಾದದ್ದು ಇನ್ನೊಂದಿದೆ. ಅದು ಅಮೆರಿಕದಲ್ಲಿ ಎಲ್ಲರಲ್ಲೂ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಕಾಲ. ಹಳೆಯ ಒಡನಾಟಗಳ ಮೇಲಿನ ಸಂಶಯದಿಂದ ಮಾಕ್ಲಿಯವರಿಗೆ ರಹಸ್ಯ ಕೆಲಸಗಳ ಭದ್ರತಾ ಅನುಮತಿಯನ್ನು ನಿರಾಕರಿಸಲಾಯಿತು. ಸೇನೆಗೆ ಎನಿಯಾಕ್ ಕಟ್ಟಿಕೊಟ್ಟವರು ತಮ್ಮದೇ ಕಂಪನಿಯ ಕೆಲಸಗಳಿಂದ ದೂರ ನಿಲ್ಲಬೇಕಾಯಿತು. ಅನುಮತಿ ಮರಳಿ ಸಿಕ್ಕಿದ್ದು 1958ರಲ್ಲಿ. ಈ ನಡುವೆ 1952ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ಯುನಿವ್ಯಾಕ್‌ನಿಂದ ಊಹಿಸುವ ಪ್ರಯತ್ನ ನಡೆಯಿತು. ಸಂಖ್ಯಾಶಾಸ್ತ್ರಜ್ಞ ಮ್ಯಾಕ್ಸ್ ವುಡ್‌ಬರಿಯವರೊಡನೆ ಮಾಕ್ಲಿ ಅದರ ಲೆಕ್ಕವನ್ನು ರೂಪಿಸಿದ್ದು ತಮ್ಮ ಮನೆಯಲ್ಲಿ ಕೂತು. ಎಣಿಕೆಯ ಆರಂಭದ ಕೆಲವೇ ಮತಗಳಿಂದ, ಐಸೆನ್‌ಹೋವರ್‌ಗೆ 438 ಮತಗಳ ಭಾರೀ ಗೆಲುವು ಎಂದು ಯಂತ್ರ ಹೇಳಿತು. ಸ್ಪರ್ಧೆ ಸಮಸಮ ಎಂದು ಪಂಡಿತರೆಲ್ಲ ಹೇಳಿದ್ದರಿಂದ ಟೀವಿಯವರು ಹೆದರಿ ಅದನ್ನು ಆಗಲೇ ಪ್ರಕಟಿಸಲಿಲ್ಲ. ನಿಜವಾಗಿ ಬಂದದ್ದು 442.

1959ರಲ್ಲಿ, 52ನೆಯ ವಯಸ್ಸಿನಲ್ಲಿ, ಮಾಕ್ಲಿ ನೌಕರಿ ಬಿಟ್ಟು ಮಾಕ್ಲಿ ಅಸೋಸಿಯೇಟ್ಸ್ ಎಂಬ ಸಲಹಾ ಸಂಸ್ಥೆ ತೆರೆದರು. ಗಣಕಯಂತ್ರವನ್ನು ಮಾರುವುದಲ್ಲ, ಗಣಕಯಂತ್ರದಿಂದ ಯೋಚಿಸುವುದನ್ನು ಕಲಿಸುವುದು ಅದರ ವ್ಯಾಪಾರ. ಮುಖ್ಯ ಸರಕು ಸಿ.ಪಿ.ಎಂ. ಎಂಬ ವಿಧಾನ, ಅಂದರೆ ನಿರ್ಣಾಯಕ ಪಥ ವಿಧಾನ. ನಮ್ಮ ಶಾಲೆಯಿಂದ ಹೋಗಿ ಸಿವಿಲ್ ಡಿಪ್ಲೊಮಾ, ಬಿ.ಇ. ಓದಿದವರೆಲ್ಲ ಪರೀಕ್ಷೆಗೆ ಇದರ ಬಾಣದ ನಕ್ಷೆ ಬರೆದವರೇ. 1957ರ ಸುಮಾರಿಗೆ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್, ರೆಮಿಂಗ್ಟನ್ ರಾಂಡ್‌ನಲ್ಲಿ ಮಾಕ್ಲಿಯವರ ಬಳಗದ ಜೇಮ್ಸ್ ಕೆಲಿ ಸೇರಿ ಯುನಿವ್ಯಾಕ್ ಮೇಲೆ ಇದನ್ನು ರೂಪಿಸಿದ್ದರು.

ವಿಷಯ ಸರಳ. ನಮ್ಮ ಸುವರ್ಣ ಮಹೋತ್ಸವವನ್ನೇ ತೆಗೆದುಕೊಳ್ಳೋಣ. ಅತಿಥಿಗಳ ಒಪ್ಪಿಗೆ ಪಡೆಯಲು 10 ದಿನ, ಅದಾದ ಮೇಲೆ ಆಮಂತ್ರಣ ಪತ್ರಿಕೆಯ ಮುದ್ರಣಕ್ಕೆ 6 ದಿನ, ಹಂಚಲು 8 ದಿನ. ಒಟ್ಟು 24. ನಾಟಕದ ತಾಲೀಮು 20 ದಿನ. ಶಾಮಿಯಾನ ಗೊತ್ತುಮಾಡಿ ಹಾಕಿಸಲು 5 ದಿನ. ಮೂರೂ ಜೊತೆಜೊತೆಗೆ ನಡೆಯಬಹುದು. ಹಾಗಾದರೆ 24 ದಿನಕ್ಕಿಂತ ಮುಂಚೆ ಉತ್ಸವ ಆಗದು, ಮುದ್ರಣ ಒಂದು ದಿನ ತಡವಾದರೆ ಇಡೀ ಉತ್ಸವ ಒಂದು ದಿನ ತಡ. ನಾಟಕದವರು ನಾಲ್ಕು ದಿನ ಸೋಮಾರಿಗಳಾದರೂ ನಡೆಯುತ್ತದೆ. ಶಾಮಿಯಾನದವನಿಗೆ ದುಪ್ಪಟ್ಟು ಕೂಲಿ ಕೊಟ್ಟು ಅವಸರಿಸಿದರೆ ಹಣ ದಂಡವೇ ಹೊರತು ಒಂದು ಗಂಟೆಯೂ ಉಳಿಯದು. ಹಣ ಹಾಕುವುದಾದರೆ ಮುದ್ರಣಾಲಯಕ್ಕೋ ಹಂಚುವವರಿಗೋ ಹಾಕಬೇಕು. ಆದರೆ ಆ ಸಾಲನ್ನು ನಾಲ್ಕು ದಿನಕ್ಕಿಂತ ಹೆಚ್ಚು ಮೊಟಕು ಮಾಡಿದರೆ ನಿರ್ಣಾಯಕ ಪಥ ನಾಟಕದ ಕಡೆಗೆ ಜಾರುತ್ತದೆ. ಮೂರು ಕೆಲಸಕ್ಕೆ ಇದು ಬಾಯಿಲೆಕ್ಕ. ಸಾವಿರ ಕೆಲಸಗಳ ಕಾರ್ಖಾನೆಗೆ ಗಣಕಯಂತ್ರ ಬೇಕು. ಡ್ಯುಪಾಂಟ್‌ನ ಲೂಯಿವಿಲ್ ಕಾರ್ಖಾನೆಯಲ್ಲಿ ದುರಸ್ತಿಗಾಗಿ ಯಂತ್ರ ನಿಲ್ಲಿಸುವ ಅವಧಿ ಈ ವಿಧಾನದಿಂದ 125 ಗಂಟೆಯಿಂದ 93 ಗಂಟೆಗೆ ಇಳಿಯಿತು. ಮಾಕ್ಲಿ ಅಸೋಸಿಯೇಟ್ಸ್‌ಗೆ ಕೆಲಿಯವರೂ ಬಂದು ಸೇರಿದರು. ಕಟ್ಟಡ ಕಟ್ಟುವ ಗುತ್ತಿಗೆದಾರರಿಗೂ ಎಂಜಿನಿಯರರಿಗೂ ಈ ಸಂಸ್ಥೆ ತರಬೇತಿ ಕೊಟ್ಟಿತು. ಭೌತಶಾಸ್ತ್ರದ ಮೇಷ್ಟರು ಮತ್ತೆ ಕಪ್ಪುಹಲಗೆಯ ಮುಂದೆ ನಿಂತಂತಾಯಿತು.

1962ರಲ್ಲಿ ಎಂಜಿನಿಯರರ ಸಭೆಯೊಂದರಲ್ಲಿ ಅವರು, ಸಾಮಾನ್ಯ ಹುಡುಗ ಹುಡುಗಿಯರೂ ತಮ್ಮದೇ ಸ್ವಂತ ಗಣಕಯಂತ್ರ ನಡೆಸುವ ಕಾಲ ಬರುತ್ತದೆ ಎಂದು ಹೇಳಿದಾಗ ಪತ್ರಿಕೆಗಳು ಅದನ್ನು ವಿಚಿತ್ರ ಸುದ್ದಿಯಂತೆ ಅಚ್ಚುಹಾಕಿದವು. 1968ರಲ್ಲಿ ಡೈನಾಟ್ರೆಂಡ್ ಎಂಬ ಇನ್ನೊಂದು ಸಲಹಾ ಸಂಸ್ಥೆ ತೆರೆದರು. ಸಲಹೆಗಾರರಾಗಿ ಅವರು ಶ್ರೀಮಂತರಾಗಲಿಲ್ಲ.

ಈಗ ಆ ಪತ್ರದ ವಿಷಯಕ್ಕೆ ಬರಬೇಕು. ಎನಿಯಾಕ್ ಪೇಟೆಂಟ್‌ಗೆ 1947ರ ಜೂನ್ 26ರಂದು ಅರ್ಜಿ ಹಾಕಿದ್ದರು. ಮಂಜೂರಾದದ್ದು 1964ರ ಫೆಬ್ರುವರಿಯಲ್ಲಿ. ರೆಮಿಂಗ್ಟನ್ ರಾಂಡ್‌ನ ವಾರಸುದಾರ ಸ್ಪೆರಿ ರಾಂಡ್ ಬೇರೆ ಗಣಕಯಂತ್ರ ಕಂಪನಿಗಳಿಂದ ಗೌರವಧನ ಕೇಳಿತು. ಹನಿವೆಲ್ ಕಂಪನಿ ಕೊಡಲು ಒಪ್ಪದೆ ನ್ಯಾಯಾಲಯಕ್ಕೆ ಹೋಯಿತು. 1971ರ ಜೂನ್‌ನಿಂದ ಮಿನಿಯಾಪೊಲಿಸ್‌ನಲ್ಲಿ ವಿಚಾರಣೆ ನಡೆದು, ಅಟನಾಸಾಫ್ ಬಂದು ಸಾಕ್ಷಿ ನುಡಿದರು, ಹಳೆಯ ಪತ್ರಗಳು ಹೊರಬಂದವು. 1973ರ ಅಕ್ಟೋಬರ್ 19ರಂದು ನ್ಯಾಯಾಧೀಶ ಅರ್ಲ್ ಲಾರ್ಸನ್ ಪೇಟೆಂಟನ್ನು ಅಸಿಂಧುಗೊಳಿಸಿದರು. ಅರ್ಜಿಗೆ ಒಂದು ವರ್ಷಕ್ಕೂ ಮುಂಚೆಯೇ ಯಂತ್ರ ಬಳಕೆಯಲ್ಲಿತ್ತು, ಫಾನ್ ನಾಯ್ಮನ್‌ರ ಕರಡು ಮೊದಲೇ ಹಂಚಿಕೆಯಾಗಿತ್ತು ಎಂಬ ಕಾನೂನಿನ ಕಾರಣಗಳಿದ್ದವು. ಅವುಗಳಿಗಿಂತ ನೋವು ಕೊಟ್ಟದ್ದು ಮತ್ತೊಂದು ಮಾತು: ಎಲೆಕ್ಟ್ರಾನಿಕ್ ಗಣಕಯಂತ್ರದ ವಿಷಯವನ್ನು ಇವರು ಅಟನಾಸಾಫ್‌ರಿಂದ ಪಡೆದರು ಎಂಬುದು. ಮರುದಿನವೇ ಅಮೆರಿಕದ ಅಧ್ಯಕ್ಷ ನಿಕ್ಸನ್ ವಾಟರ್‌ಗೇಟ್ ಹಗರಣದ ತನಿಖಾಧಿಕಾರಿಯನ್ನು ತೆಗೆದುಹಾಕಿಸಿದ ಗದ್ದಲದಲ್ಲಿ ಈ ತೀರ್ಪು ಪತ್ರಿಕೆಗಳ ಮೂಲೆ ಸೇರಿತು.

ಸತ್ಯ ಯಾರ ಕಡೆ? ಎನಿಯಾಕನ್ನು ಕಟ್ಟಿದವರು ಎಕರ್ಟ್, ಮಾಕ್ಲಿಯೇ ಎಂಬುದನ್ನು ಆ ತೀರ್ಪೂ ಒಪ್ಪುತ್ತದೆ. ಅಟನಾಸಾಫ್‌ರ ಯಂತ್ರ ಒಂದೇ ಬಗೆಯ ಲೆಕ್ಕಕ್ಕೆ ಮೀಸಲಾಗಿತ್ತು, ಯುದ್ಧದ ಗಡಿಬಿಡಿಯಲ್ಲಿ ಪೂರ್ತಿಯಾಗದೆ ನಿಂತಿತು. ಎರಡರ ಒಳರಚನೆಯೂ ಬೇರೆ. ಆದರೆ ಐಯೋವಾಕ್ಕೆ ಹೋಗಿ ಬಂದದ್ದರಿಂದ ಏನೂ ಸಿಗಲಿಲ್ಲ ಎಂದು ಮಾಕ್ಲಿ ಕೊನೆಯವರೆಗೂ ಹೇಳಿದ್ದನ್ನು ನಾನು ಪೂರ್ತಿ ಒಪ್ಪಲಾರೆ. ವಾಲ್ವ್‌ಗಳಿಂದ ಲೆಕ್ಕ ಮಾಡುವ ಹುಚ್ಚು ತನ್ನೊಬ್ಬನಿಗೇ ಅಲ್ಲ, ಇನ್ನೊಬ್ಬರು ಅದನ್ನು ಅರ್ಧ ಕಟ್ಟಿ ನಿಲ್ಲಿಸಿದ್ದಾರೆ ಎಂದು ಕಣ್ಣಾರೆ ಕಂಡು ಬರುವುದು ಸಣ್ಣ ಸಂಪಾದನೆಯಲ್ಲ. ಅದನ್ನು ಅವರು ಒಪ್ಪಿಕೊಂಡಿದ್ದರೆ ಅವರ ಹಿರಿಮೆಗೇನೂ ಕುಂದು ಬರುತ್ತಿರಲಿಲ್ಲ.

ಮಳೆಯ ಲೆಕ್ಕ ಏನಾಯಿತು? 1950ರ ವಸಂತದಲ್ಲಿ ಗಣಕಯಂತ್ರದಿಂದ ಹವಾಮಾನ ಮುನ್ಸೂಚನೆಯ ಮೊದಲ ಪ್ರಯತ್ನ ನಡೆಯಿತು. ನಡೆಸಿದವರು ಜೂಲ್ ಚಾರ್ನಿ, ಫಾನ್ ನಾಯ್ಮನ್ ಮತ್ತು ಸಂಗಡಿಗರು. ಯಂತ್ರ ಎನಿಯಾಕೇ. 24 ಗಂಟೆಯ ಮುನ್ಸೂಚನೆಗೆ ಸುಮಾರು 24 ಗಂಟೆಯೇ ಹಿಡಿಯಿತು, ಆದರೂ ಅದು ಸಾಧ್ಯವೆಂದು ತಿಳಿಯಿತು. ಆ ಬಳಗದಲ್ಲಿ ಮಾಕ್ಲಿ ಇರಲಿಲ್ಲ. ಅವರು ಹುಡುಕಿದ ಸೂರ್ಯನ ನಂಟಿನ ದಾರಿಯನ್ನೂ ಆ ಬಳಗ ಹಿಡಿಯಲಿಲ್ಲ. ಗಾಳಿಯ ಚಲನೆಯ ಸಮೀಕರಣಗಳನ್ನು ನೇರವಾಗಿ ಬಿಡಿಸಿತು. ಮಾಕ್ಲಿಯವರಿಗೆ ಮಾತ್ರ ಹಳೆಯ ಪ್ರಶ್ನೆ ಬಿಡಲಿಲ್ಲ. ಸಲಹಾ ಕೆಲಸದ ನಡುವೆಯೂ ಹವಾಮಾನದ ಅಂಕಿಗಳಿಗೆ ಮತ್ತೆ ಮತ್ತೆ ಮರಳುತ್ತಿದ್ದರು.

ಕೊನೆಯ ವರ್ಷಗಳನ್ನು ಫಿಲಡೆಲ್ಫಿಯಾ ಹತ್ತಿರದ ಆಂಬ್ಲರ್‌ನಲ್ಲಿ, ಲಿಟಲ್ ಲಿಂಡನ್ ಎಂಬ ತೋಟದ ಮನೆಯಲ್ಲಿ ಕಳೆದರು. 1973ರಿಂದ ಮತ್ತೆ ಸ್ಪೆರಿ ಕಂಪನಿಗೇ ಸಲಹೆಗಾರರಾಗಿದ್ದರು. ದೀರ್ಘ ಅನಾರೋಗ್ಯದ ನಂತರ 1980ರ ಜನವರಿ 8ರಂದು ಹೃದಯದ ಶಸ್ತ್ರಚಿಕಿತ್ಸೆಯ ವೇಳೆ ತೀರಿಕೊಂಡರು. ವಯಸ್ಸು 72. ಪತಿ ಐಯೋವಾಕ್ಕೆ ಹೋಗುವ ಮೊದಲೇ ಉರ್ಸಿನಸ್‌ನಲ್ಲಿ ಏನೇನು ಮಾಡಿದ್ದರೆಂದು ಕೇ ಮಾಕ್ಲಿ 1984ರಲ್ಲಿ ಗಣಕಯಂತ್ರ ಚರಿತ್ರೆಯ ಪತ್ರಿಕೆಯೊಂದರಲ್ಲಿ ವಿವರವಾಗಿ ಬರೆದರು. ಎನಿಯಾಕ್‌ನ ಕೆಲವು ಫಲಕಗಳು ಇಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪ್ರದರ್ಶನಕ್ಕಿವೆ. ಮಾಕ್ಲಿಯವರು 1946ರಲ್ಲಿ ಮುನಿದು ಬಿಟ್ಟುಬಂದ ಅದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವರ ಕಾಗದಪತ್ರಗಳೂ ಇವೆ.